ಚನ್ನಪಟ್ಟಣದ ಮರದ ಆಟಿಕೆ: ಮಕ್ಕಳ ಕೈಲಿ ಒಂದು ವರ್ಷ ಬಾಳಿದ ಮೇಲೆ ನನ್ನ ರಿವ್ಯೂ

ಹೋದ ವರ್ಷ ದಸರಾ ರಜೆಗೆ ಮೈಸೂರಿಗೆ ಅತ್ತೆ ಮನೆಗೆ ಹೋಗ್ತಾ ದಾರೀಲಿ ಚನ್ನಪಟ್ಟಣದಲ್ಲಿ ಇಳ್ದು ಮಕ್ಕಳಿಗೆ ಮರದ ಆಟಿಕೆ ತಗೊಂಡಿದ್ವಿ. ಆವಾಗ್ಲೇ ಬರೀಬೇಕು ಅನ್ಕೊಂಡಿದ್ದೆ, ಆದ್ರೆ ಆಟದ ಸಾಮಾನು ಬಗ್ಗೆ ತಂದ ದಿನವೇ ಬರೆದ್ರೆ ಏನು ಪ್ರಯೋಜನ, ತಂದ ದಿನ ಎಲ್ಲಾ ಆಟಿಕೆನೂ ಚೆನ್ನಾಗೇ ಇರುತ್ತೆ. ಈಗ ಒಂದು ವರ್ಷ ಆಯ್ತು, ಮಗಳಿಗೆ 7, ಮಗನಿಗೆ 3 ತುಂಬಿದೆ, ಆವತ್ತು ತಂದ ಒಂಬತ್ತು ಸಾಮಾನಲ್ಲಿ ಏಳು ಇವತ್ತಿಗೂ ಗಟ್ಟಿಯಾಗಿವೆ, ಒಂದು ರಿಪೇರಿ ಆಗಿ ಬಂತು, ಒಂದು ಹಾಳಾಯ್ತು. ಹಾಳಾಗಿದ್ದು ನನ್ನ ಕೈಯಿಂದಾನೇ, ಅದನ್ನ ಮುಂದೆ ಹೇಳ್ತೀನಿ, ಅದನ್ನ ಓದಿ ಯಾರಾದ್ರೂ ಒಬ್ಬರ ಮನೇಲಿ ಒಂದು ಗಿಲಕಿ ಉಳಿದ್ರೂ ಸಾಕು ನಂಗೆ. ಅದೇ ಬುಟ್ಟೀಲಿ ಹುಟ್ಟಿದಹಬ್ಬಕ್ಕೆ ಬಂದ ಬ್ಯಾಟರಿ ಕಾರು, ಹಾಡೋ ಫೋನು, ಲೈಟ್ ಹತ್ತೋ ಕತ್ತಿ ಎಲ್ಲಾ ಇದ್ವು, ಒಂದೂ ಇಲ್ಲ ಈಗ.

ಅಂಗಡಿ ಹೆಸರು ಹಾಕ್ತಿಲ್ಲ. ಹಳೇ ಮೈಸೂರು ರೋಡಲ್ಲಿ ಸಾಲಾಗಿ ಅಂಗಡಿಗಳಿವೆ, ಒಳಗೆ ಗಲ್ಲಿಗಳಲ್ಲಿ, ಕಲಾನಗರದ ಕಡೆ, ನೀಲಸಂದ್ರದ ಕಡೆ ಮನೆ ಮನೇಲೂ ಕೆಲಸ ನಡೆಯುತ್ತೆ, ನಾನು ಹೇಳೋದು ಅದ್ರಲ್ಲಿ ಯಾವ ಬಾಗಿಲಿಗೆ ಹೋದ್ರೂ ಉಪಯೋಗಕ್ಕೆ ಬರಬೇಕು ಅಂತ ನನ್ನ ಆಸೆ.

ಮೊದಲು ದಾರಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಶುರು ಆದ್ಮೇಲೆ ರಾಮನಗರ, ಚನ್ನಪಟ್ಟಣ ಎರಡೂ ಬೈಪಾಸ್ ಪಕ್ಕದಲ್ಲೇ ಉಳ್ಕೊಂಡುಬಿಟ್ವು, ನೀವು ಸುಮ್ನೆ ಗಾಡಿ ಓಡಿಸ್ಕೊಂಡು ಹೋದ್ರೆ ಗೊಂಬೆ ಊರು ಯಾವಾಗ ಬಂತು ಯಾವಾಗ ಹೋಯ್ತು ಅಂತಾನೂ ಗೊತ್ತಾಗಲ್ಲ. ನಾನು ಚಿಕ್ಕೋಳಿದ್ದಾಗ ಕೆಂಪು ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ಕೊಂಡು ಅಂಗಡಿ ಮುಂದೆ ನೇತುಹಾಕಿರೋ ಹಳದಿ ಕೆಂಪು ಕುದುರೆ ಎಣಿಸ್ತಿದ್ದೆ, ಅಪ್ಪ ಒಂದ್ಸಲ ಬಸ್ ನಿಂತಾಗ ಓಡಿಹೋಗಿ ಒಂದು ಬುಗುರಿ ತಂದುಕೊಟ್ಟಿದ್ರು, ಆ ಬುಗುರಿ ನನ್ನ ಹೈಸ್ಕೂಲು ಮುಗಿಯೋವರ್ಗೂ ಇತ್ತು. ಅದೇ ನೆನಪಿಗೇ ಹೋಗಿದ್ದು ನಾವು. ಬಿಡದೀಲಿ ತಟ್ಟೆ ಇಡ್ಲಿ ತಿಂದು, ರಾಮನಗರಕ್ಕೆ ಮುಂಚೆನೇ ಎಕ್ಸ್‌ಪ್ರೆಸ್‌ವೇ ಇಂದ ಇಳ್ದು ಹಳೇ ರೋಡ್ ಹಿಡಿದ್ವಿ. ಬೆಂಗಳೂರಿಂದ ಸುಮಾರು 60 ಕಿಲೋಮೀಟರ್. ರೈಲಲ್ಲಿ ಹೋಗೋರಿಗೆ ಮೈಸೂರು ಲೈನಲ್ಲೇ ಚನ್ನಪಟ್ಟಣ ಸ್ಟೇಷನ್ ಇದೆ, ಮಕ್ಕಳಿಗೆ ಅದೂ ಒಂದು ಖುಷಿ. ದಾರೀಲಿ ರಾಮನಗರ ದಾಟಿದ ತಕ್ಷಣ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಗುತ್ತೆ, ಅಲ್ಲಿ ತೊಗಲುಗೊಂಬೆ, ಸೂತ್ರದ ಗೊಂಬೆ ನೋಡಿದ ಮಕ್ಕಳು ಚನ್ನಪಟ್ಟಣಕ್ಕೆ ಬರೋ ಹೊತ್ತಿಗೆ ಗೊಂಬೆ ಗುಂಗಲ್ಲೇ ಇರ್ತಾರೆ, ಟೈಮ್ ಇದ್ರೆ ಅದನ್ನ ಬಿಡಬೇಡಿ.

ಅಂಗಡಿ ಒಳಗೆ ಹೋದ ತಕ್ಷಣ ನಂಗೆ ಸ್ವಲ್ಪ ಬೇಜಾರಾಯ್ತು, ನಿಜ ಹೇಳ್ತೀನಿ. ಮುಂದಿನ ಎರಡು ರ‍್ಯಾಕ್ ತುಂಬಾ ಪ್ಲಾಸ್ಟಿಕ್ ಗನ್ನು, ರಿಮೋಟ್ ಕಾರು, ಮತ್ತೆ ಸ್ಪ್ರೇ ಪೇಂಟ್ ಹೊಡೆದ ಮರದ್ದೇ ಆದ್ರೂ ಎಲ್ಲಿಂದಲೋ ಬಂದಿರೋ ಆಟಿಕೆಗಳು. ಮಗ ಸೀದಾ ಗನ್ನಿಗೇ ಕೈ ಹಾಕ್ದ. ಅಂಗಡಿಯವರನ್ನ ಕೇಳಿದ್ದಕ್ಕೆ, ಏನ್ ಮಾಡೋದಮ್ಮ, ಹೊಸ ರೋಡ್ ಆದ್ಮೇಲೆ ಗಿರಾಕಿ ಕಮ್ಮಿ, ಬಂದೋರ ಮಕ್ಕಳು ಇದನ್ನೇ ಕೇಳ್ತಾರೆ, ಇಡದೇ ಇದ್ರೆ ಬಾಡಿಗೆ ಹುಟ್ಟಲ್ಲ ಅಂದ್ರು. ಅವರ ಕಷ್ಟ ಅರ್ಥ ಆಗುತ್ತೆ. ಆದ್ರೂ ಗೊಂಬೆ ಊರಿಗೆ ಬಂದು ಮಗು ಮೊದಲು ನೋಡೋದು ಪ್ಲಾಸ್ಟಿಕ್ ಗನ್ನು ಆಗಬಾರದಿತ್ತು, ಮರದ್ದು ಮುಂದೆ ಇಟ್ಟು ಅದನ್ನ ಹಿಂದೆ ಇಡಬಹುದು, ಅಷ್ಟನ್ನ ಅವರಿಗೂ ಹೇಳಿದೆ, ಕೋಪ ಮಾಡ್ಕೊಳ್ಳಲಿಲ್ಲ ಪಾಪ, ನೀವು ಹಿಂದೆ ಬನ್ನಿ, ಕೆಲಸ ನಡೀತಿದೆ, ಮಕ್ಕಳಿಗೆ ತೋರ್ಸಿ ಅಂದ್ರು.

ಆ ಒಂದು ಮಾತಿಂದ ನಮ್ಮ ದಿನಾನೇ ಬೇರೆ ಆಯ್ತು.

ಹಿಂದೆ ಶೀಟ್ ಹಾಕಿದ ಒಂದು ಉದ್ದನೆ ಕೋಣೆ. ನಾಲ್ಕು ಲೇತ್, ಅಂದ್ರೆ ಮರ ತಿರುಗಿಸಿ ಕಡೆಯೋ ಯಂತ್ರ, ಎಲ್ಲಾ ಮೋಟಾರಿಂದ ಓಡೋದು. ಒಂದು ಮೂಲೇಲಿ ಮೂರು ಜನ ಹೆಣ್ಮಕ್ಕಳು ಚಾಪೆ ಮೇಲೆ ಕೂತು ಗಾಲಿ ಜೋಡಿಸ್ತಾ, ಗೊಂಬೆ ಮುಖಕ್ಕೆ ಕಣ್ಣು ಬರೀತಾ ಇದ್ರು. ನೆಲದ ತುಂಬಾ ಬೆಳ್ಳಗೆ ಮರದ ಸಿಪ್ಪೆ, ಮಳೆಗಾಲದ ನೊರೆ ಥರ. ಸದ್ದು ಜೋರಿದೆ, ಮಗ ಹೆದರಿ ಅವರಪ್ಪನ ಹೆಗಲಿಗೆ ಅಂಟ್ಕೊಂಡ, ಐದು ನಿಮಿಷ ಇಳೀಲೇ ಇಲ್ಲ, ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗೋರು ಅದನ್ನ ಮನಸ್ಸಲ್ಲಿ ಇಟ್ಕೊಳ್ಳಿ, ಧೂಳೂ ಇದೆ, ಕೆಮ್ಮು ನೆಗಡಿ ಇರೋ ಮಗು ಆದ್ರೆ ಬಾಗಿಲಲ್ಲೇ ನಿಂತು ನೋಡಿ.

ಲೇತ್ ಮುಂದೆ ಕೂತಿದ್ದ ಅಣ್ಣನಿಗೆ ಐವತ್ತು ದಾಟಿರಬಹುದು. ಮಗಳನ್ನ ನೋಡಿ, ಬಾಮ್ಮ, ಆ ಸ್ಟೂಲ್ ಮೇಲೆ ಕೂತ್ಕೋ, ಕೈ ಮಾತ್ರ ಮುಂದೆ ತರಬೇಡ, ನಿಂಗೆ ಏನು ಬೇಕು ಹೇಳು, ನಿನ್ನ ಕಣ್ಣ ಮುಂದೆನೇ ಮಾಡ್ಕೊಡ್ತೀನಿ ಅಂದ್ರು. ಅವಳು ಬುಗುರಿ ಅಂದ್ಲು. ಅವರು ಪಕ್ಕದ ರಾಶಿಯಿಂದ ಒಂದು ಬಿಳೀ ತುಂಡು ತಗೊಂಡು ಮೂಸಿ ನೋಡು ಅಂತ ಅವಳ ಕೈಗೆ ಕೊಟ್ರು. ಆಲೆ ಮರ. ಚನ್ನಪಟ್ಟಣದ ಗೊಂಬೆಗೆ ಮೊದ್ಲಿಂದ ಬಳಸೋದು ಅದೇ ಮರ, ದಂತದ ಬಣ್ಣ, ಗೆರೆ ಗೆರೆ ಇಲ್ಲದೆ ನಯವಾಗಿರುತ್ತೆ, ಕಡಿದ ತಕ್ಷಣ ಬಳಸೋ ಹಾಗಿಲ್ಲ, ತಿಂಗಳುಗಟ್ಟಲೆ ಒಣಗಿಸಬೇಕು, ಹಸಿ ಇದ್ರೆ ಆಮೇಲೆ ಬಿರುಕು ಬಿಡುತ್ತೆ ಅಂದ್ರು. ಈಗ ರಬ್ಬರ್ ಮರಾನೂ ಬಳಸ್ತಾರಂತೆ, ದೊಡ್ಡ ಸಾಮಾನಿಗೆ.

ತುಂಡನ್ನ ಲೇತಿಗೆ ಸಿಕ್ಕಿಸಿ ಸ್ವಿಚ್ ಹಾಕಿದ್ರು. ಉಳಿ ತಾಗಿಸಿದ್ದೇ ತಡ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಅವಳ ಫ್ರಾಕಿನ ಮೇಲೆಲ್ಲಾ ಬಿತ್ತು. ಒಂದು ನಿಮಿಷ ಅಷ್ಟೇ, ತುಂಡು ಇದ್ದಿದ್ದು ಬುಗುರಿ ಆಕಾರಕ್ಕೆ ಬಂತು. ಉಪ್ಪು ಕಾಗದ ಹಿಡಿದು ನುಣುಪು ಮಾಡಿದ್ರು. ಆಮೇಲೆ ಶುರುವಾಯ್ತು ನೋಡಿ ಅಸಲಿ ಕೆಲಸ. ಸೀಮೆಸುಣ್ಣದ ಕಡ್ಡಿಗಿಂತ ದಪ್ಪದ ಒಂದು ಹಳದಿ ಕಡ್ಡಿ ತಗೊಂಡು ತಿರುಗ್ತಿರೋ ಮರಕ್ಕೆ ಒತ್ತಿದ್ರು. ಒಲೆ ಇಲ್ಲ, ಬ್ರಷ್ ಇಲ್ಲ, ನೀರಿಲ್ಲ. ಮರ ತಿರುಗೋ ರಭಸಕ್ಕೆ ಉಜ್ಜಿ ಉಜ್ಜಿ ಹುಟ್ಟೋ ಬಿಸಿಗೆ ಕಡ್ಡಿ ತುದಿ ಬೆಣ್ಣೆ ಥರ ಕರಗಿ ಮರಕ್ಕೆ ಮೆತ್ಕೊಳ್ತಾ ಹೋಯ್ತು, ಬಿಸಿ ದೋಸೆ ಮೇಲೆ ಬೆಣ್ಣೆ ಇಟ್ಟಾಗ ಆಗುತ್ತಲ್ಲ ಹಾಗೆ. ಮೊದಲು ಗಂಟು ಗಂಟಾಗಿ, ಮಬ್ಬಾಗಿ ಕಾಣುತ್ತೆ. ಹಳದಿ ಪಕ್ಕ ಒಂದು ಕೆಂಪು ಪಟ್ಟೆ, ಅದರ ಪಕ್ಕ ಹಸಿರು. ಆಮೇಲೆ ತಾಳೆ ಗರಿ ಒಂದು ಚೂರು ಮಡಚಿ ಅದರ ಮೇಲೆ ಒತ್ತಿ ಹಿಡಿದ್ರು, ಹಿಡಿದ ಜಾಗದಲ್ಲೆಲ್ಲಾ ಮಬ್ಬು ಹೋಗಿ ಫಳ ಫಳ ಹೊಳಪು ಬಂದುಬಿಡ್ತು. ಮಗಳು ಬಾಯಿ ಮುಚ್ಚಿರಲಿಲ್ಲ. ನಂಗೂ ಅಷ್ಟೇ, ಮೂವತ್ತು ವರ್ಷದಿಂದ ಈ ಬಣ್ಣ ನೋಡಿದೀನಿ, ಅದು ಹೀಗೆ ಮರಕ್ಕೆ ಹತ್ತುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಇದು ಯಾವ ಪೇಂಟು ಅಂಕಲ್ ಅಂತ ಕೇಳಿದ್ಲು. ಪೇಂಟ್ ಅಲ್ಲಮ್ಮ, ಅರಗು ಅಂದ್ರು. ಅವಳು ನನ್ನ ಕಡೆ ತಿರುಗಿ, ಅಮ್ಮಾ, ಅಜ್ಜಿ ಕತೇಲಿ ಪಾಂಡವರಿಗೆ ಅರಗಿನ ಮನೆ ಕಟ್ಟಿದ್ರಲ್ಲ, ಅದೇ ಅರಗಾ? ಅಂದ್ಲು. ಅಣ್ಣ ಲೇತ್ ಆಫ್ ಮಾಡಿ ನಕ್ಕುಬಿಟ್ರು. ಅದೇ ಅರಗು ಕಂದ, ಮರದ ಕೊಂಬೇಲಿ ಪುಟ್ಟ ಹುಳ ಮಾಡೋದು ಅದು, ಬೆಂಕಿ ಕಂಡ್ರೆ ಬೇಗ ಹತ್ಕೊಳ್ಳುತ್ತೆ, ಅದಕ್ಕೇ ನಾವ್ಯಾರೂ ಇಲ್ಲಿ ಒಳಗೆ ಬೀಡಿ ಹಚ್ಚಲ್ಲ ಅಂದ್ರು. ಅವತ್ತಿಂದ ಅವಳಿಗೆ ಆ ಕತೆ ಕತೆ ಅಲ್ಲ, ಕೈಯಲ್ಲಿ ಮುಟ್ಟಿದ ವಿಷಯ. ರಾತ್ರಿ ಮೈಸೂರಲ್ಲಿ ಅಜ್ಜಿಗೇ ಪಾಠ ಮಾಡಿದ್ಲು, ಅರಗು ಅಂದ್ರೆ ಹೀಗಿರುತ್ತೆ, ಹೀಗೆ ಕರಗುತ್ತೆ, ಅದಕ್ಕೇ ಮನೆ ಬೇಗ ಉರಿದಿದ್ದು ಅಂತ.

ಅವರ ತಾತನ ಕಾಲದಿಂದ ಇದೇ ಕೆಲಸವಂತೆ. ಟಿಪ್ಪು ಕಾಲದಲ್ಲಿ ಪರ್ಷಿಯಾ ಕಡೆಯ ಕುಶಲಕರ್ಮಿಗಳು ಬಂದು ಕಲಿಸಿದ್ರು ಅನ್ನೋದು ಊರಲ್ಲಿ ಎಲ್ಲರೂ ಹೇಳೋ ಮಾತು, ಆಮೇಲೆ ಬಾವಾಸ್ ಮಿಯಾನ್ ಅನ್ನೋರು ಜಪಾನಿನ ಕುಸುರಿ ಕೆಲಸ ನೋಡಿ ಇಲ್ಲಿಯ ಕೆಲಸಕ್ಕೆ ಹೊಸ ದಾರಿ ತಂದ್ರು ಅಂತ, ಅವರ ಹೆಸರು ಹೇಳೋವಾಗ ಅಣ್ಣ ಎದೆ ಮೇಲೆ ಕೈ ಇಟ್ಕೊಂಡ್ರು. 2005-06ರ ಸಾಲಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಅದೂ ಸಿಕ್ಕಿದೆ ಈ ಗೊಂಬೆಗಳಿಗೆ. ನಿಮ್ಮ ಮಕ್ಕಳು ಕಲೀತಿದಾರಾ ಅಂತ ನಮ್ಮ ಮನೆಯವರು ಕೇಳಿದ್ರು. ಒಬ್ಬ ಬಿಡದಿ ಕಡೆ ಫ್ಯಾಕ್ಟರಿಗೆ ಹೋಗ್ತಾನೆ ಸಾರ್, ಮಗಳು ಸಾಯಂಕಾಲ ಬಂದು ಕಣ್ಣು ಬರೀತಾಳೆ ಅಂದ್ರು. ಅಷ್ಟೇ ಹೇಳಿದ್ದು, ಮತ್ತೆ ಲೇತ್ ಹಾಕಿದ್ರು.

ಬುಗುರಿ ಕತ್ತರಿಸಿ ಕೈಗೆ ಕೊಟ್ಟಾಗ ಇನ್ನೂ ಬೆಚ್ಚಗಿತ್ತು. ಅವಳು ಅದನ್ನ ಎರಡು ಕೈಲಿ ಹಿಡ್ಕೊಂಡು ಕೆನ್ನೆಗೆ ಒತ್ಕೊಂಡ್ಲು. ಮಗನೂ ಅಷ್ಟು ಹೊತ್ತಿಗೆ ಹೆಗಲಿಂದ ಇಳ್ದು ನಂಗೂ ಅಂದ, ಅವನಿಗೂ ಒಂದು ನೀಲಿ ಬುಗುರಿ ಆಯ್ತು. ಒಂದಕ್ಕೆ 40 ರೂಪಾಯಿ, ಮಕ್ಕಳಿಗೆ ಬಿಡಿ ಸಾರ್ ಅಂತ ಅಣ್ಣ ಬೇಡ ಅಂದ್ರೂ ನಾವು ಕೊಟ್ವಿ, ದಯವಿಟ್ಟು ಇಂಥ ಕಡೆ ಚೌಕಾಸಿ ಮಾಡಬೇಡಿ, ಅವರು ಕಣ್ಣ ಮುಂದೆ ಕೆಲಸ ನಿಲ್ಲಿಸಿ ನಮ್ಮ ಮಕ್ಕಳಿಗೆ ಅರ್ಧ ಗಂಟೆ ಕೊಟ್ಟಿರ್ತಾರೆ.

ತಗೊಂಡಿದ್ದು ಇಷ್ಟು. ಎರಡು ಬುಗುರಿ 80, ತಂಗಿ ಮಗುವಿಗೆ ಗಿಲಕಿ 150, ಉಂಗುರ ಜೋಡಿಸೋದು 380, ಅಡುಗೆ ಸಾಮಾನು ಸೆಟ್ 550, ರೈಲು 480, ಎಳ್ಕೊಂಡು ಹೋಗೋ ಬಾತುಕೋಳಿ 260, ಎತ್ತಿನ ಗಾಡಿ 950, ಅತ್ತೆ ಗೊಂಬೆ ಸಾಲಿಗೆ ಅಂತ ರಾಜ ರಾಣಿ ಜೋಡಿ 350, ಎಲ್ಲಾ ಸೇರಿ 3200. ಪ್ಲಾಸ್ಟಿಕ್ಕಿಗೆ ಹೋಲಿಸಿದ್ರೆ ಜಾಸ್ತಿ ಅನ್ಸಬಹುದು, ನಂಗೂ ಎತ್ತಿನ ಗಾಡಿ ಬೆಲೆ ಕೇಳಿ ಒಂದು ಸಲ ಕೈ ಹಿಂದೆ ಬಂತು. ಈಗ ಒಂದು ವರ್ಷದ ಮೇಲೆ ಕೇಳಿದ್ರೆ, ಆ ಗಾಡಿಯೇ ಎಲ್ಲಕ್ಕಿಂತ ಅಗ್ಗ ಬಿತ್ತು ಅಂತೀನಿ, ಯಾಕಂದ್ರೆ ಅದು ಆಡದ ದಿನ ಇಲ್ಲ. ಮಗ ಬೆಳಿಗ್ಗೆ ಎದ್ದು ಅದರಲ್ಲಿ ಆಲೂಗಡ್ಡೆ, ಈರುಳ್ಳಿ ತುಂಬ್ಕೊಂಡು ಅಡುಗೆಮನೆಯಿಂದ ಬಾಲ್ಕನಿಗೆ ಸಾಗಿಸ್ತಾನೆ, ಮಾರ್ಕೆಟ್ ಅಂತೆ, ನಾನು ಸಾರಿಗೆ ಒಗ್ಗರಣೆ ಹಾಕೋವಾಗ ಈರುಳ್ಳಿ ಬೇಕು ಅಂದ್ರೆ ದುಡ್ಡು ಕೊಟ್ಟು ತಗೋಬೇಕು. ನಮ್ಮ ಮನೇಲಿ ಮಹಡಿ ಮೆಟ್ಟಿಲಿಂದ ಎರಡು ಸಲ ಉರುಳಿದೆ, ಒಂದು ಎತ್ತಿನ ಕೊಂಬಿನ ತುದೀಲಿ ಬಣ್ಣ ಎದ್ದು ಬಿಳೀ ಮರ ಕಾಣುತ್ತೆ, ಬೇರೆ ಏನೂ ಆಗಿಲ್ಲ.

ಅಸಲಿ ನಕಲಿ ಹೇಗೆ ಗುರುತಿಸೋದು ಅಂತ ತುಂಬಾ ಜನ ಕೇಳ್ತಾರೆ, ಅಣ್ಣ ನಮಗೆ ತೋರ್ಸಿದ್ದನ್ನ ಹೇಳ್ತೀನಿ. ಅರಗು ಹಚ್ಚಿದ ಮೈಯಲ್ಲಿ ಬ್ರಷ್ ಗೆರೆ ಇರಲ್ಲ, ಬಣ್ಣ ಸುತ್ತಲೂ ಬಳೆ ಬಳೆಯಾಗಿ ಕೂತಿರುತ್ತೆ ಯಾಕಂದ್ರೆ ತಿರುಗೋವಾಗ ಹಚ್ಚಿದ್ದು, ಕಣ್ಣು ಮೂಗು ಹೂವು ಇಂಥದ್ದು ಮಾತ್ರ ಕೈಯಲ್ಲಿ ಬರೆದಿರ್ತಾರೆ. ತಳ ಅಥವಾ ತೂತಿನ ಒಳಗಡೆ ನೋಡಿದ್ರೆ ಬಣ್ಣ ಇಲ್ಲದ ಬಿಳೀ ಮರ ಕಾಣುತ್ತೆ. ಮೂಸಿದ್ರೆ ಥಿನ್ನರ್ ವಾಸನೆ ಬರಬಾರದು. ಚೂಪು ಮೂಲೆ ಇರಲ್ಲ, ಲೇತಲ್ಲಿ ಹುಟ್ಟಿದ್ದು ಎಲ್ಲಾ ದುಂಡಗೇ ಇರುತ್ತೆ, ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೇದು ಏನಿದೆ. ಬಣ್ಣದ ವಿಷಯದಲ್ಲಿ ಒಂದು ಮಾತು, ಎಲ್ಲಾ ಬಣ್ಣಾನೂ ಅರಿಶಿನ, ನೀಲಿ ಗಿಡದ್ದು ಅಂತ ನಂಬಿಬಿಡಬೇಡಿ. ಗಿಡಮೂಲಿಕೆ ಬಣ್ಣದಲ್ಲೇ ಮಾಡೋರು ಇದಾರೆ, ಪುಡಿ ಬಣ್ಣ ಕಲಸಿ ಮಾಡೋರೂ ಇದಾರೆ, ಹಾಲುಗಲ್ಲದ ಮಗು ಬಾಯಿಗೆ ಹಾಕೋ ಸಾಮಾನು ಆದ್ರೆ ಬಾಯಿಬಿಟ್ಟು ಕೇಳಿ. ನಾವು ಕೇಳಿದ್ದಕ್ಕೆ ಅಂಗಡಿಯವರು ಗಿಲಕಿ ಬೇರೆ ರ‍್ಯಾಕಿಂದ ತೆಗೆದುಕೊಟ್ರು, ಗಾಢ ಗುಲಾಬಿ ಬೇಡಮ್ಮ, ಈ ಮಂದ ಹಳದಿ ತಗೊಳ್ಳಿ ಅಂತ. ಅವರ ಆ ಪ್ರಾಮಾಣಿಕತೆ ನಂಗೆ ತುಂಬಾ ಹಿಡಿಸ್ತು.

ಐಎಸ್‌ಐ ಗುರುತು ಇಲ್ಲ ಅಂತ ನಮ್ಮ ಮನೆಯವರಿಗೆ ಅನುಮಾನ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಆಗಿರೋದು ನಿಜ, ಆದ್ರೆ ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರೋದಕ್ಕೆ, ಜಿಐ ಟ್ಯಾಗ್ ಇರೋದಕ್ಕೆ ವಿನಾಯಿತಿ ಕೊಟ್ಟಿದಾರೆ, ಹಾಗಾಗಿ ಗುರುತಿಲ್ಲ ಅಂತ ಹೆದರಬೇಕಿಲ್ಲ. ಅದರರ್ಥ ನಮ್ಮ ಕಣ್ಣು ಇನ್ನೂ ಚುರುಕಾಗಿರಬೇಕು ಅಂತಾನೇ. ಯಾವ ವಯಸ್ಸಿಗೆ ಯಾವುದು ಅಂತ ಒಂದರ ಮೇಲೂ ಬರೆದಿರಲ್ಲ, ಇದು ನನ್ನ ದೊಡ್ಡ ದೂರು, ಒಂದು ಚೀಟಿ ಅಂಟಿಸೋಕೆ ಎಷ್ಟು ಹೊತ್ತು. ಅಡುಗೆ ಸೆಟ್ಟಲ್ಲಿ ಪುಟಾಣಿ ಸೌಟು, ಒರಳಿನ ಗುಂಡು, ಲೋಟ ಎಲ್ಲಾ ಬಂತು, ಮಗಳಿಗೆ ಪ್ರಾಣ ಅದು, ಎರಡು ವರ್ಷದ ತಮ್ಮ ಪಕ್ಕದಲ್ಲೇ ಇದ್ದ. ನಾನು ಮಾಡೋದು ಇಷ್ಟೇ, ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯೋ ರಟ್ಟಿನ ಕೊಳವೆ ಒಂದು ಇಟ್ಕೊಂಡಿದೀನಿ, ಅದರೊಳಗೆ ತೂರಿ ಆಚೆ ಬೀಳೋ ಯಾವ ಸಾಮಾನೂ ಮೂರು ವರ್ಷದೊಳಗಿನ ಮಗು ಕೈಗೆ ಸಿಗಬಾರದು. ಗುಂಡು, ಸೌಟು ಎರಡೂ ಬಿದ್ವು. ಒಂದು ವರ್ಷ ಡಬ್ಬೀಲಿ ಹಾಕಿ ಬೀರು ಮೇಲಿಟ್ಟು ಮೊನ್ನೆ ಅವನ ಹುಟ್ಟಿದಹಬ್ಬ ಆದ್ಮೇಲೆ ಇಳಿಸಿದೆ.

ಮೈಸೂರಿಗೆ ತಲುಪಿದಾಗ ಸಾಯಂಕಾಲ. ಅತ್ತೆ ಪಾಡ್ಯದ ದಿನಾನೇ ಗೊಂಬೆ ಕೂರಿಸಿದ್ರು, ಏಳು ಮೆಟ್ಟಿಲು, ಮೇಲೆ ಅವರಮ್ಮ ಮದುವೇಲಿ ಕೊಟ್ಟ ಪಟ್ಟದ ಗೊಂಬೆ, ಅದರ ಸೀರೆ ಪ್ರತಿ ವರ್ಷ ಅತ್ತೆನೇ ಕೈಯಾರೆ ಉಡಿಸ್ತಾರೆ, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ನಮ್ಮ ಹೊಸ ರಾಜ ರಾಣಿನ ಎಲ್ಲಿ ಇಡ್ತಾರೋ ಅಂತ ನಂಗೆ ಒಳಗೊಳಗೇ ಅಳುಕಿತ್ತು. ಅವರು ಅದನ್ನ ಕೈಲಿ ತಿರುಗಿಸಿ ತಿರುಗಿಸಿ ನೋಡಿ, ನಮ್ಮಮ್ಮನ ಮನೇಲಿ ಹೀಗೇ ಇತ್ತು ಕಣೇ, ಅದೇ ಹೊಳಪು ಅಂತ ಎರಡನೇ ಮೆಟ್ಟಿಲಲ್ಲಿ ಇಟ್ರು. ಕೆಳಗಡೆ ಮೆಟ್ಟಿಲು ಇಡೀ ಮೊಮ್ಮಕ್ಕಳಿಗೆ ಬಿಟ್ಟುಕೊಟ್ರು. ಮಗಳು ರಾಗಿ ಪೈರಿನ ಮಧ್ಯ ರೈಲು ನಿಲ್ಲಿಸಿ ಚನ್ನಪಟ್ಟಣ ಸ್ಟೇಷನ್ ಅಂತ ಚೀಟಿ ಬರೆದಿಟ್ಲು. ಎತ್ತಿನ ಗಾಡೀಲಿ ಕಡ್ಲೆಕಾಳು ಮೂಟೆ. ಸಾಯಂಕಾಲ ಆದ್ರೆ ಬೀದಿ ಮಕ್ಕಳೆಲ್ಲಾ ಬಾಗಿಲಲ್ಲಿ ನಿಂತು ಗೊಂಬೆ ಕೂರ್ಸಿದೀರಾ ಅಂತ ಕೂಗೋರು, ಅತ್ತೆ ಒಂದೊಂದು ದಿನ ಒಂದೊಂದು, ಒಂದಿನ ರವೆ ಉಂಡೆ, ಒಂದಿನ ಕೊಬ್ಬರಿ ಮಿಠಾಯಿ, ಒಂದಿನ ಉಸ್ಲಿ, ಗೊಂಬೆ ಬಾಗಿನ ಕೊಡೋರು. ಬೇರೆ ಗೊಂಬೆ ಎಲ್ಲಾ ದೂರದಿಂದ ನೋಡೋದು, ಮುಟ್ಟಿದ್ರೆ ಬೈಗುಳ. ಕೆಳಗಿನ ಮೆಟ್ಟಿಲು ಮಾತ್ರ ಮುಟ್ಟಬಹುದಿತ್ತು, ಹಾಗಾಗಿ ಹತ್ತು ಹನ್ನೆರಡು ಮಕ್ಕಳ ಕೈ ಅದರ ಮೇಲೇ. ನನ್ನ ಮಗಳು ಎಲ್ಲರಿಗೂ ಅರಗು ಹೇಗೆ ಕರಗುತ್ತೆ ಅಂತ ಹೇಳಿದ್ದೇ ಹೇಳಿದ್ದು. ವಿಜಯದಶಮಿ ರಾತ್ರಿ ಅತ್ತೆ ಪಟ್ಟದ ಗೊಂಬೆನ ಮಲಗಿಸಿದ್ರು. ಅದನ್ನ ನೋಡಿ ಮಗ ಸುಮ್ನೆ ಹೋಗಿ ಬಾತುಕೋಳಿ, ಎರಡು ಎತ್ತು, ರೈಲಿನ ಒಂದೊಂದೇ ಡಬ್ಬಿ ಬಿಚ್ಚಿ ಪಕ್ಕಕ್ಕೆ ಸಾಲಾಗಿ ಮಲಗಿಸಿ ನನ್ನ ವೇಲ್ ತಂದು ಹೊದ್ದಿಸಿದ. ಅತ್ತೆ ಕಣ್ಣು ಒರೆಸ್ಕೊಂಡ್ರು.

ಈಗ ಹಾಳಾದ ಗಿಲಕಿ ವಿಷಯ. ದೀಪಾವಳಿಗೆ ತಂಗಿ ಮಗು ಕರ್ಕೊಂಡು ಬಂದಿದ್ಲು, ಆರು ತಿಂಗಳ ಮಗು, ಗಿಲಕಿ ಕೈ ತಪ್ಪಿ ನೆಲಕ್ಕೆ ಬಿತ್ತು. ನಾನು ಮಗು ಬಾಯಿಗೆ ಹಾಕುತ್ತಲ್ಲ ಅಂತ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಟಿಶ್ಯೂಲಿ ಒರೆಸ್ದೆ. ಟಿಶ್ಯೂ ಪೂರ್ತಿ ಹಳದಿ. ಗಿಲಕಿ ಮೈ ಅಂಟು ಅಂಟು, ಹೊಳಪೆಲ್ಲಾ ಹೋಗಿ ಮಂಕಾಗಿಬಿಡ್ತು. ಎದೆ ಧಸಕ್ ಅಂತು ನಂಗೆ, ಇಷ್ಟು ದಿನ ಮಗು ಇದನ್ನ ಚೀಪ್ತಿತ್ತಲ್ಲ, ಮೋಸ ಹೋದ್ವಾ ಅಂತ. ಬಿಲ್ಲಲ್ಲಿದ್ದ ನಂಬರಿಗೆ ಫೋನ್ ಮಾಡಿ ಜೋರಾಗೇ ಮಾತಾಡ್ದೆ. ಅವರು ಸಮಾಧಾನವಾಗಿ ಎಲ್ಲಾ ಕೇಳಿಸ್ಕೊಂಡು, ಅಮ್ಮಾ, ನೀವು ಸ್ಯಾನಿಟೈಸರ್ ಹಾಕಿದ್ರಾ, ಅದರಲ್ಲಿ ಸ್ಪಿರಿಟ್ ಇರುತ್ತೆ, ಅರಗು ಸ್ಪಿರಿಟ್ಟಲ್ಲಿ ಕರಗುತ್ತೆ, ಬಡಗಿಗಳು ಬಾಗಿಲಿಗೆ ಹಚ್ಚೋ ಫ್ರೆಂಚ್ ಪಾಲಿಶ್ ಅಂದ್ರೆ ಅರಗನ್ನ ಸ್ಪಿರಿಟ್ಟಲ್ಲಿ ಕರಗಿಸಿರೋದೇ ಅಲ್ವಾ ಅಂದ್ರು. ಹೌದಲ್ಲ! ನಮ್ಮಪ್ಪ ಹಳೇ ಬೀರುವಿಗೆ ಹಾಗೇ ಪಾಲಿಶ್ ಮಾಡಿಸಿದ್ದು ನಾನೇ ಕಣ್ಣಾರೆ ನೋಡಿದ್ದೆ. ಅಂದ್ರೆ ಬಣ್ಣ ಬಿಟ್ಟಿದ್ದು ಅದು ಅಸಲಿ ಅರಗು ಆಗಿದ್ದಕ್ಕೇ. ತಪ್ಪು ನನ್ನದು, ಆದ್ರೆ ಕೊಡೋವಾಗ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ಲ, ಈಗಿನ ಕಾಲದಲ್ಲಿ ಮಗು ಇರೋ ಯಾವ ಮನೇಲಿ ಸ್ಯಾನಿಟೈಸರ್ ಇಲ್ಲ ಹೇಳಿ. ಅವರಿಗೂ ಅದನ್ನೇ ಹೇಳಿದೆ, ಇನ್ಮೇಲೆ ಬಿಲ್ ಹಿಂದೆ ಬರ್ಕೊಡ್ತೀವಿ ಅಂದ್ರು.

ಹಾಗಾಗಿ ನೆನಪಿಟ್ಕೊಳ್ಳಿ, ಸ್ಯಾನಿಟೈಸರ್, ಡೆಟಾಲ್, ವೆಟ್ ವೈಪ್ ಯಾವುದೂ ಬೇಡ. ಒಣ ಮೆತ್ತನೆ ಬಟ್ಟೆ, ತೀರಾ ಕೊಳೆ ಆದ್ರೆ ಬಟ್ಟೆ ತುದಿ ಒಂಚೂರು ಒದ್ದೆ ಮಾಡಿ ಒರೆಸಿ ತಕ್ಷಣ ಒಣಗಿಸಿ. ಬಕೆಟ್ ನೀರಲ್ಲಿ ಆಡೋಕೆ ಬಿಡಬೇಡಿ, ಮರ ಉಬ್ಬುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಂತೂ ಬಿಡಲೇಬೇಡಿ, ಬಿಸಿಗೆ ಹತ್ತಿದ ಬಣ್ಣ ಬಿಸಿಗೇ ಮೆತ್ತಗಾಗುತ್ತೆ.

ರಿಪೇರಿಗೆ ಹೋಗಿದ್ದು ಬಾತುಕೋಳಿ. ನಾಲ್ಕು ತಿಂಗಳಿಗೆ ಒಂದು ಗಾಲಿಯ ಮರದ ಗೂಟ ಸಡಿಲ ಆಗಿ ಕೈಗೇ ಬಂತು, ಮಗ ನೋಡೋದ್ರೊಳಗೆ ನಾನು ಎತ್ತಿಟ್ಟೆ, ಗೂಟ ಸಣ್ಣದು, ಬಾಯಿಗೆ ಹೋಗಿದ್ರೆ ಏನಾಗ್ತಿತ್ತು ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ಒಳ್ಳೆ ಕೆಲಸ ಮಾಡೋರು ಗಾಲಿ ಗೂಟ ಒಂದು ಬಿಗಿಯಾಗಿ ಕೂರಿಸಬೇಕು, ಎಳೆದು ನೋಡಿಯೇ ಕೊಡಬೇಕು. ಮುಂದಿನ ಸಲ ಮೈಸೂರಿಗೆ ಹೋಗೋವಾಗ ತಗೊಂಡು ಹೋದ್ವಿ, ಅಣ್ಣ ನೋಡಿದವರೇ ಏನೂ ಮಾತಾಡದೆ ಎರಡು ಗಾಲಿಗೂ ಹೊಸ ಗೂಟ ಕಡೆದು ಅಂಟು ಹಾಕಿ ಬಡಿದು, ಮಗನ ಕೈಗೆ ಕೊಟ್ಟು ಎಳಿ ನೋಡೋಣ ಅಂದ್ರು, ದುಡ್ಡು ಮುಟ್ಟಲಿಲ್ಲ. ಆಟಿಕೆ ಕೆಟ್ಟರೆ ಮಾಡಿದೋರ ಹತ್ರಾನೇ ತಗೊಂಡು ಹೋಗಬಹುದು ಅನ್ನೋದು ನನ್ನ ಮಕ್ಕಳಿಗೆ ಗೊತ್ತಾಗಿದ್ದು ಅಲ್ಲಿ. ಈಗ ಮನೇಲಿ ಏನು ಮುರಿದ್ರೂ ಮಗ ಅಳಲ್ಲ, ಗಾಡಿ ಅಂಕಲ್ ಹತ್ರ ಹೋಗೋಣ ಅಂತಾನೆ, ಲೇತ್ ಅಣ್ಣನಿಗೆ ಅವನಿಟ್ಟಿರೋ ಹೆಸರು ಅದು.

ಸಣ್ಣ ಪುಟ್ಟದ್ದು: ಅಂಗಡೀಲಿ ಟಾಯ್ಲೆಟ್ ಇಲ್ಲ, ಮಕ್ಕಳನ್ನ ಬಿಡದಿ ಹೋಟೆಲಲ್ಲೇ ಟಾಯ್ಲೆಟ್ಟಿಗೆ ಕಳಿಸಿ ಕರ್ಕೊಂಡು ಬನ್ನಿ. ಯುಪಿಐ ನಡೆಯುತ್ತೆ. ಪೇಪರಲ್ಲಿ ಸುತ್ತಿ ಕೊಡ್ತಾರೆ, ಉಡುಗೊರೆಗೆ ಅಂದ್ರೆ ಡಬ್ಬ ನೀವೇ ನೋಡ್ಕೋಬೇಕು. ಬೆಳಿಗ್ಗೆ ಹೊತ್ತು ಹೋದ್ರೆ ಲೇತ್ ಕೆಲಸ ನೋಡೋಕೆ ಸಿಗುತ್ತೆ, ಕರೆಂಟ್ ಹೋದ್ರೆ ಎಲ್ಲಾ ನಿಂತೇಬಿಡುತ್ತೆ, ಎರಡನೇ ಸಲ ಹೋದಾಗ ನಮಗೆ ಹಾಗೇ ಆಗಿ ಮುಕ್ಕಾಲು ಗಂಟೆ ಕಾದಿದೀವಿ, ಕಣ್ಣು ಬರೆಯೋ ಅಕ್ಕ ಮಗಳ ಕೈಗೆ ಬ್ರಷ್ ಕೊಟ್ಟು ಒಂದು ಗೊಂಬೆಗೆ ಹುಬ್ಬು ಬರೆಸಿದ್ರು, ಹಾಗಾಗಿ ಆ ಕರೆಂಟ್ ಹೋಗಿದ್ದೇ ಒಳ್ಳೇದಾಯ್ತು. ಉಂಗುರ ಜೋಡಿಸೋದು, ರೈಲು ಎರಡಕ್ಕೂ ಏನೂ ಆಗಿಲ್ಲ, ಅದರ ಬಗ್ಗೆ ಹೇಳೋಕೂ ಏನಿಲ್ಲ. ಐದಕ್ಕೆ ನಾನು ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಗಾಲಿ ಗೂಟಕ್ಕೆ, ವಯಸ್ಸಿನ ಚೀಟಿ ಇಲ್ಲದ್ದಕ್ಕೆ.

ಆದ್ರೆ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಹತ್ತು ನಿಮಿಷದಲ್ಲಿ ತಗೊಂಡು ಹೊರಟ್ರೆ ನಿಮಗೆ ಸಿಗೋದು ಬರೀ ಆಟಿಕೆ. ದಯವಿಟ್ಟು ಒಂದು ಗಂಟೆ ಇಟ್ಕೊಂಡು, ಹಿಂದೆ ಕೆಲಸ ನಡೀತಿದ್ಯಾ, ಮಕ್ಕಳಿಗೆ ತೋರ್ಸ್ತೀರಾ ಅಂತ ಕೇಳಿ. ನಮ್ಮ ಮನೇಲಿ ಎಲ್ಲಕ್ಕಿಂತ ಜೋಪಾನವಾಗಿರೋದು 950ರ ಗಾಡಿ ಅಲ್ಲ, ಆ 40 ರೂಪಾಯಿ ಬುಗುರಿ. ಅದನ್ನ ಮಗಳು ತನ್ನ ಪೆನ್ಸಿಲ್ ಬಾಕ್ಸಲ್ಲಿ ಹತ್ತಿ ಹಾಸಿ ಇಟ್ಕೊಂಡಿದಾಳೆ, ತಮ್ಮ ಕೇಳಿದ್ರೂ ಕೊಡಲ್ಲ, ನಿಂದು ನೀಲೀದು ಇದ್ಯಲ್ಲ ಅಂತಾಳೆ.

ಈ ಸಲ ದಸರಾಕ್ಕೆ ಬರೋ ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಡ್ತಿದೀವಿ. ಮಗಳು ಲಿಸ್ಟ್ ಮಾಡಿದಾಳೆ, ಅಜ್ಜಿಗೆ ಅಳಗುಳಿಮಣೆ, ಪಾಪುಗೆ ಹೊಸ ಗಿಲಕಿ, ಹಳದೀದೇ, ಮತ್ತೆ ಗಾಡಿ ಅಂಕಲ್‌ಗೆ ಅಮ್ಮ ಮಾಡಿದ ಕೋಡುಬಳೆ ಒಂದು ಡಬ್ಬಿ.